ಐದು ಕಾಲಿನ ಬಾಟಲಿ

ನನ್ನ ಮೇಜಿನ ಮೇಲೆ ಪೆನ್ನಿಗಿಂತ ಮೊದಲು ಕಣ್ಣಿಗೆ ಬೀಳುವುದು ಗರಗಸ. ಪೇಟೆಂಟ್ ಕಚೇರಿಯಲ್ಲಿ ಬಾಟಲಿಗಳನ್ನು ಪರೀಕ್ಷಿಸುವ ಕೆಲಸ ನನ್ನದು. 'ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಹೊಸ ಕತ್ತು, ಹೊಸ ಸೊಂಟ, ಹೊಸ ತಳ ಕೊಟ್ಟಿದ್ದೇನೆ, ನನ್ನ ಅಪ್ಪಣೆಯಿಲ್ಲದೆ ಬೇರೆ ಯಾರೂ ಇದನ್ನು ಮಾಡಕೂಡದು' ಎಂದು ಯಾರಾದರೂ ಅರ್ಜಿ ಹಾಕುತ್ತಾರೆ. ಅದು ನಿಜಕ್ಕೂ ಹೊಸದೋ, ಹಳೆಯದಕ್ಕೆ ಬಣ್ಣ ಬಳಿದು ತಂದದ್ದೋ ಎಂದು ನೋಡಿ ಹೇಳುವವಳು ನಾನು. ಬೇರೆ ಪರೀಕ್ಷಕರು ಚಿತ್ರ ನೋಡಿ ತೃಪ್ತರಾಗುತ್ತಾರೆ. ನಾನು ಬಾಟಲಿಯನ್ನೇ ತರಿಸಿ, ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಕತ್ತಿನಿಂದ ತಳದವರೆಗೆ ಕೊಯ್ದು ಎರಡು ಹೋಳು ಮಾಡುತ್ತೇನೆ. ಹೊರಗೆ ಎಷ್ಟೇ ಸಿಂಗಾರ ಮಾಡಿದ್ದರೂ ಗೋಡೆ ಎಲ್ಲಿ ತೆಳುವಾಗಿದೆ ಎಂಬುದು ಕೊಯ್ದಾಗಲೇ ಗೊತ್ತಾಗುವುದು. ಕಚೇರಿಯವರು ಬೆನ್ನ ಹಿಂದೆ ನನ್ನನ್ನೂ 'ಗರಗಸ' ಎಂದೇ ಕರೆಯುತ್ತಾರೆ. ಎದುರಿಗೆ ಕರೆಯುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ಬಂದ ದಿನ ನೋಡಿಕೊಂಡರಾಯಿತು.

ಆ ಬೆಳಿಗ್ಗೆ ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ವಿಚಾರಣೆಯ ಕೋಣೆಯ ಮುಂದೆ ಇಬ್ಬರು ಗಂಡಸರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು ಗೋಡೆಗೆ ಜಪ್ಪುತ್ತಿದ್ದರು. ಸೂಚನಾ ಫಲಕದ ಗಾಜು ಆಗಲೇ ಚೂರುಚೂರಾಗಿ ನೆಲದ ಮೇಲಿತ್ತು. ನಮ್ಮ ಜವಾನ ಗುಡಾಣ, ಆ ಹೆಸರು ಅವನ ಹೊಟ್ಟೆ ಗಳಿಸಿಕೊಟ್ಟದ್ದು, ಎರಡೂ ಕೈ ಚಾಚಿಕೊಂಡು ಕೋಳಿ ಅಟ್ಟುವವನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ. ಬೆಂಚಿನ ಮೇಲೆ ಒಬ್ಬ ಮುದುಕಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವಳಂತೆ ಕೂತಿದ್ದಳು.

"ಬಿಡೋ! ಬಿಡು ಅಂದ್ರೆ!"

"ನಿಂದು ಅಂತ ಹೇಳು, ಬಿಡ್ತೀನಿ. ಒಂದೇ ಒಂದು ಸಲ ಹೇಳು."

"ನಂದಲ್ಲ ಅಂತ ಎಷ್ಟು ಸಲ ಬಡ್ಕೊಳ್ಳೋದೋ ನಿನ್ ಹತ್ರ?"

ದೊಡ್ಡವನು ಚಿಕ್ಕವನ ಹೊಟ್ಟೆಗೆ ಮೊಣಕಾಲು ಹಾಕಿದ. ಚಿಕ್ಕವನು ದೊಡ್ಡವನ ಕಿವಿ ಹಿಡಿದು ತಿರುಚಿದ. ನನಗೆ ಸಿಟ್ಟು ನೆತ್ತಿಗೇರಿತು.

"ಇದೇನು ಕುಸ್ತಿ ಕಣಾನಾ?" ಎಂದು ಕಿರುಚಿದೆ. "ಇನ್ನೊಂದು ಏಟು ಬಿದ್ರೆ ಇಬ್ಬರ ಕಾಗದಾನೂ ಕಸದ ಬುಟ್ಟಿಗೆ ಹಾಕ್ತೀನಿ, ಮನೆಗೆ ಹೋಗಿ ಬೇಕಾದಷ್ಟು ಬಡಿದಾಡಿ!"

ಇಬ್ಬರೂ ಕೈಬಿಟ್ಟರು. ಮುದುಕಿ ಮಾತ್ರ ನನ್ನನ್ನು ನೋಡಿ, "ಮನೇಲೂ ಅದೇ ಆಗೋದು ತಾಯಿ" ಎಂದಳು. ಅವಳು ಆ ಇಬ್ಬರ ಹೆತ್ತ ತಾಯಿ.

ದೊಡ್ಡವನು ಬಾಟಲಿಯ ಅಚ್ಚು ಕೆತ್ತುವವನು. ಅರ್ಜಿ ಅವನದು. ಗ್ಯಾಸು ತುಂಬಿದ ಪಾನೀಯದ ಬಾಟಲಿಯ ತಳವನ್ನು ನೀವು ತಿರುಗಿಸಿ ನೋಡಿದ್ದರೆ ಅಲ್ಲಿ ಐದು ಪುಟ್ಟ ಕಾಲುಗಳಿರುವುದು ಗೊತ್ತಿರುತ್ತದೆ. ಒಳಗಿನ ಗ್ಯಾಸು ತಳವನ್ನು ಹೊರಕ್ಕೆ ಒದೆಯುತ್ತಲೇ ಇರುತ್ತದೆ, ಆ ಕಾಲುಗಳು ಒದೆತ ತಡೆದುಕೊಂಡು ಬಾಟಲಿಯನ್ನು ನೆಟ್ಟಗೆ ನಿಲ್ಲಿಸುತ್ತವೆ. ಅಚ್ಚಿನವನು ಕಾಲು ಕಾಲುಗಳ ನಡುವಿನ ಸಂದಿಯಲ್ಲಿ ಉಗುರಿನಷ್ಟು ದಪ್ಪದ ಒಂದು ಉಬ್ಬುಗೆರೆ ಕೂರಿಸಿದ್ದ. ಅದಿದ್ದರೆ ಎಂಥ ಬಿಸಿಲಿನಲ್ಲೂ ಬಾಟಲಿ ಒಡೆಯುವುದಿಲ್ಲ ಎಂಬುದು ಅವನ ವಾದ. ದೊಡ್ಡ ಪಾನೀಯ ಕಂಪನಿಯೊಂದು, ಪೇಟೆಂಟ್ ಸಿಕ್ಕರೆ ಆ ತಳವನ್ನು ಕೊಂಡುಕೊಳ್ಳುವುದಾಗಿ ಮಾತು ಕೊಟ್ಟಿತ್ತು. ಸಿಗದಿದ್ದರೆ ಅವನ ಕಾರ್ಖಾನೆಗೆ ಬೀಗ ಬೀಳುವುದಿತ್ತು.

ಚಿಕ್ಕವನು ತಂಪು ಪಾನೀಯದ ಅಂಗಡಿ ಇಟ್ಟಿದ್ದವನು. ಇಟ್ಟಿದ್ದವನು ಎನ್ನಬೇಕು, ಈಗ ಅದಿಲ್ಲ. ಅಣ್ಣನ ಅರ್ಜಿಗೆ ತಕರಾರು ಹಾಕಿದವನು ಅವನೇ. ಅವನ ಎಡಗಣ್ಣಿನ ಜಾಗದಲ್ಲಿ ರೆಪ್ಪೆ ಒಳಕ್ಕೆ ಕುಸಿದು ಅಂಟಿಕೊಂಡಿತ್ತು. 'ಅಣ್ಣ ಈ ಅರ್ಜಿ ಹಾಕುವುದಕ್ಕೆ ಮೊದಲೇ ತನ್ನ ಬಾಟಲಿಗಳನ್ನು ನನ್ನ ಅಂಗಡಿಗೆ ಕೊಟ್ಟು ಮಾರಿಸಿ ನೋಡಿದ್ದ, ಅವುಗಳಲ್ಲೊಂದು ಒಡೆದೇ ನನ್ನ ಕಣ್ಣು ಹೋಯಿತು, ಹೀಗೆ ಅಂಗಡಿಯಲ್ಲಿ ಮಾರಿದ ಬಾಟಲಿ ಹೊಸದಾಗುವುದು ಹೇಗೆ?' ಎಂದು ಅವನು ಕೇಳಿದ್ದ. ಮೊದಲೇ ಮಾರಾಟವಾದದ್ದಕ್ಕೆ ಪೇಟೆಂಟ್ ಇಲ್ಲ. ಅಣ್ಣ ಉತ್ತರ ಬರೆದಿದ್ದ: ಅದು ನನ್ನ ಬಾಟಲಿಯಲ್ಲ, ನಾನು ತಮ್ಮನಿಗೆ ಯಾವ ಬಾಟಲಿಯನ್ನೂ ಕೊಟ್ಟಿಲ್ಲ, ಆ ದಿನ ಅಂಗಡಿಯ ಹತ್ತಿರ ಸುಳಿದೇ ಇಲ್ಲ.

ಕಣ್ಣು ಹೋದಾಗಲೂ ಅದೇ ಮಾತನ್ನು ಅಣ್ಣ ಪೊಲೀಸರ ಮುಂದೆ ಹೇಳಿದ್ದನಂತೆ. ಹಾಗಾಗಿ ಊರೆಲ್ಲ, ಈ ತಮ್ಮನೇ ಗುಜರಿ ಬಾಟಲಿಗೆ ಅಗ್ಗದ ಗ್ಯಾಸು ತುಂಬಿ ಮಾರುತ್ತಿದ್ದ, ಮಾಡಿದ್ದನ್ನು ಉಂಡ ಎಂದುಕೊಂಡಿತು. ಠಾಣೆಯಲ್ಲಿ ಅವನ ಕಣ್ಣಿನ ಪಟ್ಟಿ ಬಿಚ್ಚುವ ಮೊದಲೇ ಅಂಗಾಲಿಗೆ ಲಾಠಿ ಬಿತ್ತು. ಅಂಗಡಿಯ ಗಾಜುಗಳನ್ನು ಬೀದಿಯವರೇ ಕಲ್ಲು ಹೊಡೆದು ಒಡೆದರು. ಅವನಿಗೆ ಪೇಟೆಂಟ್ ಯಾರ ಪಾಲಾದರೂ ಒಂದೇ. ಅಣ್ಣನ ಬಾಯಿಂದ ಒಂದು ಮಾತು ಹೊರಬರಬೇಕಿತ್ತು, ಆ ಬಾಟಲಿ ನನ್ನದು ಎಂದು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ನನ್ನ ಬಾಗಿಲಿಗೆ ಬಂದಿದ್ದ.

ವಿಚಾರಣೆ ಶುರುವಾಯಿತು. ಅಣ್ಣನ ಪಕ್ಕದಲ್ಲಿ ಅವನ ವಕೀಲ, ನುಣ್ಣಗೆ ತಲೆ ಬಾಚಿದ ಮನುಷ್ಯ, ಪ್ರತಿ ಮಾತಿಗೂ ಮುಗುಳ್ನಗುವ ರೋಗದವನು. ಮೇಜಿನ ತುದಿಯಲ್ಲಿ ಉಬ್ಬುಗೆರೆಯ ಹೊಸ ಬಾಟಲಿಗಳು, ಬಾಯಿಮಟ್ಟ ಪಾನೀಯ ತುಂಬಿ, ಗ್ಯಾಸಿನ ಬಿಗುವಿಗೆ ಕಲ್ಲಿನಂತಾಗಿ ನಿಂತಿದ್ದವು. ಗುಡಾಣ ಅವುಗಳಿಂದ ಸಾಕಷ್ಟು ದೂರಕ್ಕೆ, ಕಪಾಟಿನ ಮರೆಗೆ ಹೋಗಿ ನಿಂತ.

"ನಿಮ್ಮ ಹತ್ರ ಏನಿದೆ ತೋರಿಸಿ" ಎಂದು ತಮ್ಮನಿಗೆ ಹೇಳಿದೆ.

ಅವನು ಸ್ಟೀಲಿನ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಬಟ್ಟೆಯಲ್ಲಿ ಸುತ್ತಿದ ಬಾಟಲಿಯ ತಳ. ಐದು ಕಾಲು, ಅದರ ಮೇಲೆ ಹರಿದ ಅಂಚು. ಅಂಚಿಗೆ ಏನೋ ಕಂದು ಬಣ್ಣದ್ದು ಒಣಗಿ ಹಿಡಿದಿತ್ತು.

"ಗಲ್ಲಾದ ಮೇಲೆ ನಿಲ್ಸಿದ್ದೆ ಮೇಡಂ. ಮಧ್ಯಾಹ್ನದ ಬಿಸಿಲು ನೇರ ಬೀಳ್ತಿತ್ತು. ಒಳಗೆ ಸರಿಸೋಣ ಅಂತ ಬಗ್ಗಿದೆ. ಢಮ್ ಅಂತು. ತಳ ಇಲ್ಲೇ ಕಿತ್ಕೊಂಡು ಬಿತ್ತು, ಮೇಲಿನ ಬಾಟಲಿ ರಾಕೆಟ್ ಥರ ಹಾರ್ತು. ಮುಚ್ಚಳದ ಕಡೆಯಿಂದ ಬಂದು ಕಣ್ಣಿಗೆ ಹೊಡೀತು. ಗುಡ್ಡೆ ಒಡೆದು ಕೆನ್ನೆ ಮೇಲೆ ಇಳೀತು ಮೇಡಂ, ಬೆಚ್ಚಗಿತ್ತು. ನಾನು ಅದನ್ನ ಪಾನೀಯ ಅಂದ್ಕೊಂಡೆ."

ವಕೀಲನ ಮುಗುಳ್ನಗೆ ಒಂದು ಗಳಿಗೆ ನಿಂತಿತು. ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದ.

ನಾನು ಭೂತಗನ್ನಡಿ ಹಿಡಿದು ತಳವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬಿರುಕು ನಟ್ಟ ನಡುವಿನಿಂದ ಶುರುವಾಗಿರಲಿಲ್ಲ, ಎರಡು ಕಾಲುಗಳ ನಡುವಿನ ಸಂದಿಯಲ್ಲಿ ಹುಟ್ಟಿ ಎರಡೂ ಕಡೆಗೆ ಹರಿದಿತ್ತು. ಆದರೆ ಯಾವ ಸಂದಿಯಲ್ಲೂ ಉಬ್ಬುಗೆರೆ ಇರಲಿಲ್ಲ. ಬೆರಳಾಡಿಸಿದರೆ ಎಲ್ಲವೂ ನುಣುಪು.

"ಇದು ಅರ್ಜಿಯಲ್ಲಿರೋ ಬಾಟಲಿ ಅಲ್ಲ" ಎಂದೆ. "ಅರ್ಜಿಯ ಜೀವ ಇರೋದೇ ಉಬ್ಬುಗೆರೆಯಲ್ಲಿ. ಇದರಲ್ಲಿ ಅದಿಲ್ಲ. ನಿಮ್ಮ ತಕರಾರು ನಿಲ್ಲಲ್ಲ."

"ಗೆರೆ ಇಲ್ದೇ ಇರ್ಬೋದು ಮೇಡಂ. ಆದ್ರೆ ಬಾಟಲಿ ಅವನದೇ."

"ಯಾರದು ಅನ್ನೋದು ನನಗೆ ಸಂಬಂಧಪಟ್ಟಿದ್ದಲ್ಲ."

"ಮತ್ತೆ ಯಾರಿಗೆ ಸಂಬಂಧಪಟ್ಟಿದ್ದು?" ಎಂದು ಅವನು ಮೇಜು ಗುದ್ದಿದ. ಬಾಟಲಿಗಳು ಅದುರಿದವು. "ಪೊಲೀಸರೂ ಇದೇ ಅಂದ್ರು, ಆಸ್ಪತ್ರೆಯವರೂ ಇದೇ ಅಂದ್ರು. ಯಾರಿಗೆ ಸಂಬಂಧಪಟ್ಟಿದ್ದೋ ಅವರ ಮನೆ ಯಾವ ಬೀದೀಲಿದೆ ಹೇಳಿ, ಹೋಗ್ತೀನಿ!"

ಇಂಥ ಪ್ರಶ್ನೆಗೆ ನನಗೆ ಬರುವುದು ಸಿಟ್ಟೇ. ಆ ಸಿಟ್ಟನ್ನು ಅಣ್ಣನ ಮೇಲೆ ತಿರುಗಿಸಿದೆ.

"ನೀವೇನೂ ಗೆದ್ದುಬಿಟ್ಟೆ ಅಂದ್ಕೋಬೇಡಿ" ಎಂದು ಒಂದು ಹಳೆಯ ನೀರಿನ ಬಾಟಲಿಯ ಹೋಳನ್ನು ಅವನ ಮುಂದೆ ಎಸೆದೆ. ನಾನೇ ಕೊಯ್ದದ್ದು. "ನೋಡಿ. ಸಂದಿಯಲ್ಲಿ ಉಬ್ಬುಗೆರೆ. ಬಾಟಲಿ ಅಲ್ಲಾಡದ ಹಾಗೆ ನಿಲ್ಲಲಿ ಅಂತ ಯಾರೋ ಯಾವ ಕಾಲದಲ್ಲೋ ಹಾಕಿದ್ದು. ನೀರಿನ ಬಾಟಲಿಯಲ್ಲಿದ್ದಿದ್ದನ್ನ ಎತ್ತಿ ಗ್ಯಾಸಿನ ಬಾಟಲಿಗೆ ಇಟ್ಟಿದೀರಿ. ಅಚ್ಚು ಕೆತ್ತೋ ಯಾವನಿಗಾದರೂ ಹೊಳೆಯೋ ವಿಷಯ ಇದು. ಇದಕ್ಕೆ ಯಾಕೆ ಪೇಟೆಂಟ್ ಕೊಡ್ಲಿ?"

ವಕೀಲ ಎದ್ದು ನಿಂತ. "ಹೊಳೆಯಲ್ಲ ಮೇಡಂ. ಗ್ಯಾಸಿನ ಬಾಟಲಿ ನಡುವಿನಲ್ಲಿ ಒಡೆಯುತ್ತೆ ಅಂತ ಎಲ್ಲರೂ ನಂಬಿದಾರೆ, ಅಲ್ಲೇ ದಪ್ಪ ಮಾಡ್ತಾರೆ. ಸಂದಿಯಲ್ಲಿ ಒಡೆಯುತ್ತೆ ಅಂತ ಕಂಡುಕೊಂಡವರು ನಮ್ಮವರೊಬ್ಬರೇ."

"ಹೇಗೆ ಕಂಡುಕೊಂಡ್ರಿ?" ಎಂದು ಅಣ್ಣನನ್ನು ಕೇಳಿದೆ.

"ಅನುಭವ ಮೇಡಂ."

"ಅನುಭವ ನಾನು ಕೊಯ್ದು ನೋಡೋಕಾಗಲ್ಲ. ಒಡೆದ ಬಾಟಲಿ ತೋರಿಸಿ. ಇದೇ ಅಚ್ಚಿನಲ್ಲಿ ಗೆರೆ ಇಲ್ಲದ್ದೊಂದು ಮಾಡಿ, ಗ್ಯಾಸು ತುಂಬಿ ಒಡೆಸಿ ತನ್ನಿ ಅಂತ ಹಿಂದೆಯೇ ಕೇಳಿದ್ದೆ. ಎಲ್ಲಿ?"

"ಗೆರೆ ಇಲ್ಲದ ಹಳೇ ಅಚ್ಚು ಈಗ ಇಲ್ಲ ಮೇಡಂ."

ತಮ್ಮ ನಕ್ಕ. ಅಂಥ ನಗುವನ್ನು ಯಾರ ಬಾಯಲ್ಲೂ ಮತ್ತೆ ಕೇಳುವುದು ಬೇಡ. "ಎಲ್ಲಿರುತ್ತೆ? ನಾನು ಆಸ್ಪತ್ರೇಲಿ ಬಿದ್ದಿದ್ದಾಗ ದೊಡ್ಡ ಸುತ್ತಿಗೆ ತಗೊಂಡು ಅಚ್ಚನ್ನ ಪುಡಿಪುಡಿ ಮಾಡ್ದ. ಅಂಗೈ ಚರ್ಮ ಸುಲಿದು ಸುತ್ತಿಗೆ ಹಿಡಿ ತುಂಬ ರಕ್ತ ಆಗೋವರೆಗೂ ಬಡಿದ. ಅಮ್ಮ ನೋಡಿದಾಳೆ. ಬೇಕಾದ್ರೆ ಕರೆದು ಕೇಳಿ."

"ಮುಚ್ಚೋ ಬಾಯಿ!" ಅಣ್ಣ ಕುರ್ಚಿ ಒದ್ದು ಎದ್ದ. ಕುರ್ಚಿ ಗೋಡೆಗೆ ಬಡಿದು ಅದರ ಬೆನ್ನು ಮುರಿಯಿತು. ವಕೀಲ ಅವನ ಸೊಂಟ ತಬ್ಬಿ ಹಿಡಿದ. "ಹಲ್ಲು ಉದುರಿಸಿಬಿಡ್ತೀನಿ, ಇನ್ನೊಂದು ಮಾತಾಡಿದ್ರೆ!"

"ಕಣ್ಣಾಯ್ತು, ಇನ್ನು ಹಲ್ಲು ತಗೋ. ಬಾ!"

ನಾನು ಗರಗಸ ಎತ್ತಿ ಮೇಜಿನ ಮೇಲೆ ಅಪ್ಪಳಿಸಿದೆ. ಆ ಸದ್ದಿಗೆ ಇಬ್ಬರೂ ಕೂತರು, ಅಣ್ಣ ಬೇರೆ ಕುರ್ಚಿಯ ಮೇಲೆ.

"ಇವತ್ತೇ ಕಡೆಯ ದಿನ" ಎಂದೆ. "ಒಡೆದ ಬಾಟಲಿ ಇಲ್ಲ ಅಂದ್ರೆ ಅರ್ಜಿ ತಿರಸ್ಕಾರ. ಈಗಲೇ ಬರೀತೀನಿ."

ವಕೀಲನ ಕಣ್ಣು ಊಟದ ಡಬ್ಬಿಯ ಪಕ್ಕದಲ್ಲಿದ್ದ ತಳದ ಮೇಲೆ ನಿಂತಿತ್ತು. ನನಗೂ ಆ ಕ್ಷಣದಲ್ಲೇ ಹೊಳೆಯಿತು. ಅದೇ ಅಚ್ಚು, ಗೆರೆಯಿಲ್ಲದ್ದು, ಗ್ಯಾಸು ತುಂಬಿದ್ದು, ಸಂದಿಯಲ್ಲೇ ಒಡೆದದ್ದು. ಅಣ್ಣನಿಗೆ ಬೇಕಾಗಿದ್ದ ಒಂದೇ ಒಂದು ಸಾಕ್ಷಿಯನ್ನು ತಮ್ಮನೇ ಡಬ್ಬಿಯಲ್ಲಿ ಕಟ್ಟಿಕೊಂಡು ತಂದಿದ್ದ. ಅದು ತನ್ನದು ಎಂದು ಅಣ್ಣ ಹೇಳಬೇಕು, ಅಷ್ಟೇ. ವಕೀಲ ಬಗ್ಗಿ ಅವನ ಕಿವಿಯಲ್ಲಿ ಪಿಸುಗುಟ್ಟಿದ. ಅಣ್ಣನ ಮೇಲ್ತುಟಿಯಲ್ಲಿ ಬೆವರು ಮೂಡಿತು. ತಮ್ಮ ಇಬ್ಬರ ಮುಖವನ್ನೂ ತನ್ನ ಒಂಟಿ ಕಣ್ಣಿನಿಂದ ಹುಡುಕುತ್ತಿದ್ದ, ಏನು ನಡೆಯುತ್ತಿದೆ ಎಂದು ತಿಳಿಯದೆ.

"ಮೇಡಂ" ಎಂದ ಅಣ್ಣ. "ಅದು ನನ್ನ ಬಾಟಲಿ."

ತಮ್ಮನ ಬಾಯಿ ಅರ್ಧ ತೆರೆಯಿತು.

"ನಾನೇ ಮಾಡಿದ್ದು. ನಾನೇ ಇವನ ಅಂಗಡಿಗೆ ಕೊಟ್ಟಿದ್ದು, ಗಿರಾಕಿಗಳು ಏನಂತಾರೆ ನೋಡೋಣ ಅಂತ. ಗೆರೆ ಇರ್ಲಿಲ್ಲ ಆಗ. ಅದಕ್ಕೇ ಒಡೀತು." ಒಮ್ಮೆ ಹೇಳಿದ ಮೇಲೆ ಅವನಿಗೆ ಮಾತು ಸಲೀಸಾಗಿ ಬರತೊಡಗಿತು. ತಳವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಅವನ ಮುಖ ಬೆಳಗಿತು, ಆಣೆ ಮಾಡಿ ಹೇಳುತ್ತೇನೆ, ಬೆಳಗಿತು. "ನೋಡಿ ಮೇಡಂ, ಬಿರುಕು ಹುಟ್ಟಿರೋದು ಇಲ್ಲಿ, ನನ್ನ ಉಗುರು ಇರೋ ಕಡೆ. ನಡುವಿಗೆ ಏನೂ ಆಗಿಲ್ಲ. ಎಲ್ಲರೂ ನಡುವನ್ನ ದಪ್ಪ ಮಾಡ್ತಾರೆ, ಪೆದ್ದರು! ಇದನ್ನ ನೋಡಿದ ತಕ್ಷಣ ನನ್ನ ತಲೇಲಿ ಗೆರೆ ಬಂತು. ಇಲ್ಲೊಂದು ಉಬ್ಬು ಕೊಟ್ರೆ ಸಾಕು ಅಂತ ಅಲ್ಲೇ ಗೊತ್ತಾಯ್ತು."

"ಅಲ್ಲೇ ಅಂದ್ರೆ? ಇದನ್ನ ಯಾವಾಗ ನೋಡಿದ್ರಿ?" ಎಂದೆ. ಪರೀಕ್ಷಕಿ ಕೇಳಲೇಬೇಕಾದ ಪ್ರಶ್ನೆ ಅದು. ನಾನು ಅಭ್ಯಾಸಬಲದಿಂದ ಕೇಳಿದೆ.

"ಒಡೆದ ಕೂಡ್ಲೇ ಮೇಡಂ. ಇನ್ನೊಂದು ಪೆಟ್ಟಿಗೆ ಇಳಿಸೋಕೆ ಅಂತ ನಾನು ಅಂಗಡಿಗೆ ಬಂದಿದ್ದೆ. ಇವನು ಕೆಳಗೆ ಬಿದ್ದು ಹೊರಳಾಡ್ತಿದ್ದ, ಈ ತಳ ಅವನ ಪಕ್ಕದಲ್ಲೇ ಬಿದ್ದಿತ್ತು. ನಾನು ಮೊದ್ಲು ಇದನ್ನೇ ಎತ್ತಿ ನೋ..."

ಅವನಿಗೇ ತನ್ನ ಮಾತು ಕೇಳಿಸಿತು. ನಿಲ್ಲಿಸಿದ.

"ಅಣ್ಣಾ ಅಂತ ಕೂಗ್ತಿದ್ದೆ" ಎಂದ ತಮ್ಮ, ತುಂಬ ಮೆಲ್ಲಗೆ. "ಯಾರೋ ಪಕ್ಕದಲ್ಲಿ ನಿಂತಿದಾರೆ ಅನ್ನಿಸ್ತಿತ್ತು. ಯಾಕೆ ಎತ್ತುತಾ ಇಲ್ಲ ಅಂತ ಗೊತ್ತಾಗ್ತಿರ್ಲಿಲ್ಲ."

ಆಮೇಲೆ ಅವನು ಮೇಜಿನ ತುದಿಯಿಂದ ಒಂದು ತುಂಬಿದ ಬಾಟಲಿಯ ಕತ್ತು ಹಿಡಿದು ಎತ್ತಿದ.

ಮೊದಲ ಏಟು ಅಣ್ಣನ ಮೂಗಿನ ಮೇಲೆ ಬಿತ್ತು. ಮೂಳೆ ಮುರಿದದ್ದು ನನಗೆ ಕೇಳಿಸಿತು. ರಕ್ತ ಅರ್ಜಿಯ ಹಾಳೆಗಳ ಮೇಲೆ, ನನ್ನ ತೋಳಿನ ಮೇಲೆ ಚಿಮ್ಮಿತು. ಎರಡನೆಯದು ಕಿವಿಯ ಮೇಲೆ, ಆಮೇಲಿನದು ಬಾಯಿಗೆ. ಅಣ್ಣ ಕುರ್ಚಿ ಸಮೇತ ಹಿಂದಕ್ಕೆ ಉರುಳಿದ. ತಮ್ಮ ಅವನ ಎದೆಯ ಮೇಲೆ ಮಂಡಿಯೂರಿ ಕೂತು ಒಗೆಯುವ ಬಟ್ಟೆಯನ್ನು ಬಡಿಯುವಂತೆ ಬಡಿದ, ಒಂದೊಂದು ಏಟಿಗೂ "ಎತ್ತು! ಎತ್ತು! ಈಗ ಎತ್ತು!" ಎನ್ನುತ್ತ. ವಕೀಲ ಮೇಜಿನ ಕೆಳಗೆ ಸೇರಿದ್ದ. ಗುಡಾಣ ಕಪಾಟಿನ ಮರೆಯಿಂದ ಬಂದು ಹಿಂದಿನಿಂದ ತಬ್ಬಿದ, ಮೊಣಕೈಯ ಒಂದು ತಿವಿತಕ್ಕೆ ಉಸಿರು ಕಟ್ಟಿ ಕೂತುಬಿಟ್ಟ, ಪಾಪ. ನಾನು ಕಿರುಚಿದೆ, ತಮ್ಮನ ಕೂದಲು ಹಿಡಿದು ಎಳೆದೆ, ಅವನ ಕೈಗೆ ಕಚ್ಚಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಚ್ಚಿದೆ. ಬಾಟಲಿ ಅವನ ಕೈಜಾರಿ ನೆಲಕ್ಕೆ ಬಿದ್ದು, ಉರುಳಿ, ನನ್ನ ಚಪ್ಪಲಿಗೆ ತಾಗಿ ನಿಂತಿತು. ಒಳಗೆಲ್ಲ ಬರೀ ನೊರೆ, ಹೊರಗೆಲ್ಲ ರಕ್ತ. ಗ್ಯಾಸಿಗೆ ಹೊಟ್ಟೆ ಉಬ್ಬಿತ್ತು. ಎಲ್ಲೂ ಒಂದು ಕೂದಲಿನಷ್ಟು ಬಿರುಕಿರಲಿಲ್ಲ.

ತಮ್ಮ ಏದುಸಿರು ಬಿಡುತ್ತ ಪಕ್ಕಕ್ಕೆ ಕುಸಿದ. ಅಣ್ಣನ ಮುಖ ಗುರುತು ಸಿಗುವಂತಿರಲಿಲ್ಲ. ಅವನು ಹಲ್ಲಿನ ಚೂರನ್ನು ಉಗಿದು, ತಲೆಯನ್ನು ಕಷ್ಟಪಟ್ಟು ನನ್ನ ಕಡೆ ತಿರುಗಿಸಿದ.

"ಮೇಡಂ" ಎಂದ. "ಬಾಟಲಿ... ಒಡೀಲಿಲ್ಲ. ನೋಡಿದ್ರಲ್ಲ? ಬರ್ಕೊಳ್ಳಿ."

ನನಗೆ ಅವನನ್ನು ಒದೆಯಬೇಕೆನ್ನಿಸಿತು. ಬಿದ್ದವನನ್ನು, ಆ ಒಡೆದ ಬಾಯಿಗೇ ಸರಿಯಾಗಿ. ಕಾಲು ಎತ್ತಿಯೂ ಇದ್ದೆ. ಬಾಗಿಲಲ್ಲಿ ಅವನ ತಾಯಿ ನಿಂತದ್ದು ಕಂಡು ಇಳಿಸಿದೆ.

ಮುದುಕಿ ರಕ್ತ ತುಳಿಯದಂತೆ ಸುತ್ತಿಕೊಂಡು ಒಳಗೆ ಬಂದಳು. ಮೊದಲು ಚಿಕ್ಕವನ ಹತ್ತಿರ ಹೋದಳು.

"ಹೇಳಿದ್ನೇನೋ?"

"ಹೇಳ್ದ."

"ಮತ್ಯಾಕೋ ಹೊಡ್ದೆ?"

"ನಂಗೆ ಹೇಳ್ಲಿಲ್ಲಮ್ಮ" ಎಂದು ಅವನು ಚಿಕ್ಕ ಮಗುವಿನ ಹಾಗೆ ಅಳತೊಡಗಿದ. ಕುಸಿದ ರೆಪ್ಪೆಯ ಅಡಿಯಿಂದಲೂ ನೀರು ಬರುತ್ತಿತ್ತು. "ಈ ಮೇಡಂಗೆ ಹೇಳ್ದ."

ಅವಳು ಚೀಲದಿಂದ ಟವೆಲ್ಲು ತೆಗೆದು ದೊಡ್ಡವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಮೂಗಿಗೆ ಒತ್ತಿ ಹಿಡಿದು ರಕ್ತ ನಿಲ್ಲಿಸಿದಳು. ನಿಂತ ಮೇಲೆ ಅದೇ ಕೈಯಿಂದ ಅವನ ಕೆನ್ನೆಗೆ ಒಂದು ಬಾರಿಸಿದಳು. ಗುಡಾಣ ಉಸಿರು ಸಿಗದಿದ್ದರೂ "ಅಯ್ಯೋ" ಎಂದ.

ಪೊಲೀಸರು ಬಂದರು. ಜಾರಿ ಬಿದ್ದೆ ಎಂದು ಅಣ್ಣ ಹೇಳಿದ. ಕಂಪನಿಯವರಿಗೆ ಗಲಾಟೆ ಗೊತ್ತಾಗುವುದು ಅವನಿಗೆ ಬೇಡವಾಗಿತ್ತು. ಅವನಿಗೆ ಸುಳ್ಳು ಹೇಳುವುದು ನೀರು ಕುಡಿದಷ್ಟು ಸುಲಭ.

ಉಬ್ಬುಗೆರೆಯ ಬಾಟಲಿಯನ್ನು ತೊಳೆದು, ಗ್ಯಾಸು ಬಿಟ್ಟು, ಗರಗಸ ಹಾಕಿ ಕೊಯ್ದೆ. ಒಂದು ತಪ್ಪಾದರೂ ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ಗೋಡೆ ಎಲ್ಲ ಕಡೆ ಒಂದೇ ಸಮ, ಗೆರೆಗಳು ಸಂದಿಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಒಳ್ಳೆಯ ಬಾಟಲಿ. ಇನ್ನೆಷ್ಟೋ ಅಂಗಡಿಯವರ ಕಣ್ಣು ಉಳಿಸುವ ಬಾಟಲಿ. ಕಾನೂನಿನಲ್ಲಿ ಬೇಡವೆನ್ನಲು ನನಗೆ ದಾರಿಯಿರಲಿಲ್ಲ, ಪೇಟೆಂಟ್ ಕೊಟ್ಟೆ. ಆದರೆ ಆದೇಶದ ಮೊದಲ ಸಾಲಿನಲ್ಲೇ, ತಮ್ಮನ ಅಂಗಡಿಯಲ್ಲಿ ಒಡೆದು ಅವನ ಕಣ್ಣು ತೆಗೆದ ಬಾಟಲಿ ಅರ್ಜಿದಾರನದೇ, ಹಾಗೆಂದು ಅವನೇ ಒಪ್ಪಿದ್ದಾನೆ ಎಂದು ಬರೆದೆ. ವಕೀಲ ಆ ಸಾಲು ತೆಗೆಸಲು ಬಂದು ನನ್ನ ಮುಂದೆ ಸಾಕಷ್ಟು ಹಲ್ಲು ಕಿರಿದ. ಅದೇ ಸಾಕ್ಷಿಯ ಮೇಲೆ ಪೇಟೆಂಟ್ ನಿಂತಿದೆ, ಅದನ್ನು ಕೊಯ್ದರೆ ಇದೂ ಬೀಳುತ್ತೆ ಎಂದು ಹೊರಗೆ ಕಳಿಸಿದೆ.

ಆದೇಶದ ಪ್ರತಿ ತೆಗೆದುಕೊಳ್ಳಲು ತಮ್ಮ ಬಂದ. ನಿಂತುಕೊಂಡೇ ಆ ಮೊದಲ ಸಾಲು ಓದಿದ, ಮತ್ತೆ ಓದಿದ, ಕಾಗದ ಮಡಚಿ ಜೇಬಿಗಿಟ್ಟ. ಠಾಣೆಗೂ ಬೀದಿಗೂ ತೋರಿಸಲು ಅವನಿಗೆ ಅಷ್ಟು ಸಾಕಿತ್ತು. ಒಡೆದ ತಳವನ್ನು ನಾನು ಅದೇ ಬಟ್ಟೆಯಲ್ಲಿ ಸುತ್ತಿ, ಅದೇ ಡಬ್ಬಿಯಲ್ಲಿಟ್ಟು ಅವನ ಮುಂದೆ ಸರಿಸಿದೆ.

ಅವನು ತಳವನ್ನು ಹೊರತೆಗೆದು ನನ್ನ ಮೇಜಿನ ಮೇಲಿಟ್ಟ. ಖಾಲಿ ಡಬ್ಬಿಯನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡ.

"ಇದು ಅವನಿಗೇ ಕೊಡಿ ಮೇಡಂ" ಎಂದ. "ಅವತ್ತು ಮೊದ್ಲು ಎತ್ಕೊಂಡಿದ್ದು ಇದನ್ನೇ ಅಲ್ವಾ."